ಬಚ್ಚಲು ನೀರಿನ ರಂಜಕ ಹಿಡಿಯಲು ಮುರಕಲ್ಲಿನ ಡ್ರಮ್

ಮಂಗಳೂರು, ಉಡುಪಿ ಸುತ್ತಮುತ್ತ ತೋಡು, ಕೆರೆಗಳು ಹಸಿರುಗಟ್ಟುವುದನ್ನು, ಅಂತರಗಂಗೆ ಹಬ್ಬುವುದನ್ನು ನಾವೆಲ್ಲ ನೋಡಿದ್ದೇವೆ. ಇದರ ಹಿಂದಿರುವ ದೊಡ್ಡ ಕಾರಣಗಳಲ್ಲೊಂದು ಕೊಳಚೆ ನೀರಿನ ರಂಜಕ, ಅಂದರೆ ಫಾಸ್ಫರಸ್. ಒಂದು ಕೆಜಿ ರಂಜಕ ಸುಮಾರು ನೂರು ಕೆಜಿ ಒಣ ಪಾಚಿ ಬೆಳೆಸಬಲ್ಲದು. ಸಾರಜನಕವಾದರೆ ಗಾಳಿಗೆ ಸೇರಿ ಹೋಗುತ್ತದೆ. ರಂಜಕಕ್ಕೆ ಆ ದಾರಿಯಿಲ್ಲ. ಯಾವುದಾದರೂ ವಸ್ತು ಅದನ್ನು ಹಿಡಿದಿಟ್ಟುಕೊಳ್ಳಬೇಕು.

ಆ ವಸ್ತು ನಮ್ಮ ಕಾಲ ಕೆಳಗೇ ಇದೆ: ಮುರಕಲ್ಲು, ಅಂದರೆ ಕೆಂಪುಕಲ್ಲು (ಲ್ಯಾಟರೈಟ್). ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಫಾಸ್ಫೇಟನ್ನು (ನೀರಿನಲ್ಲಿ ರಂಜಕ ಇರುವ ರೂಪ) ಮೈಗೆ ಅಂಟಿಸಿಕೊಳ್ಳುತ್ತವೆ. ಅಡಿಕೆ ಬುಡಕ್ಕೆ ಹಾಕಿದ ರಂಜಕದ ಗೊಬ್ಬರ ಇಲ್ಲಿನ ಕೆಂಪು ಮಣ್ಣಲ್ಲಿ ಸಿಕ್ಕಿಕೊಳ್ಳುವುದೂ ಇದರಿಂದಲೇ. ತೋಟದಲ್ಲಿ ತೊಂದರೆ ಕೊಡುವ ಗುಣ ಸೋಸುವಾಗ ವರವಾಗುತ್ತದೆ.

ಬಚ್ಚಲು ನೀರು ಈಗಾಗಲೇ ಬಾಳೆ, ತೆಂಗಿನ ಬುಡಕ್ಕೆ ಹೋಗುತ್ತಿದ್ದರೆ, ಮುರಕಲ್ಲಿನ ಚೂರು ತುಂಬಿ ನೀರು ಸೋಸುವ ಈ ಡ್ರಮ್ ಬೇಡ. ಗಿಡಕ್ಕೆ ಅದೇ ಗೊಬ್ಬರ. ಅಂಗಳವಿಲ್ಲದೆ ನೀರು ತೋಡಿಗೆ ಬೀಳುವ ಮನೆಗಳಿಗೆ ಇದು ಬೇಕು.

ಮೊದಲು ಜಿಡ್ಡು, ಕಸ

ಸ್ನಾನದ, ಅಡುಗೆಮನೆಯ, ಬಟ್ಟೆ ಒಗೆದ ನೀರು ಮೊದಲು ಒಂದು ತೊಟ್ಟಿಯಲ್ಲಿ ನಿಲ್ಲಲಿ. ಅನ್ನದ ಅಗುಳು, ಕೂದಲು ತಳಕ್ಕೆ ಇಳಿಯುತ್ತವೆ, ಎಣ್ಣೆ ಮೇಲೆ ತೇಲುತ್ತದೆ. ನಡುವಿನ ನೀರನ್ನು ಜಲ್ಲಿ, ಮರಳಿನ ಪದರದ ಮೂಲಕ ದಾಟಿಸಿ. ಈ ಕೆಲಸ ತಪ್ಪಿಸಿದರೆ ಕಲ್ಲಿನ ಚೂರುಗಳ ಮೇಲೆ ಲೋಳೆ ಕಟ್ಟುತ್ತದೆ. ಆಮೇಲೆ ಎಷ್ಟು ಒಳ್ಳೆಯ ಕಲ್ಲಿದ್ದರೂ ಅಷ್ಟೆ.

ಕಲ್ಲು ಆರಿಸಿ, ಪರೀಕ್ಷೆ ಮಾಡಿ

ಕೆಂಪುಕಲ್ಲು ಕೋರೆಯಲ್ಲಿ ಕಲ್ಲು ಕೊಯ್ಯುವಾಗ ಉಳಿಯುವ ಚೂರು ಸಾಕು. 2ರಿಂದ 6 ಮಿ.ಮೀ. ಗಾತ್ರದ್ದನ್ನು ಜರಡಿ ಹಿಡಿದು, ಕೆಂಪು ನೀರು ನಿಲ್ಲುವ ತನಕ ತೊಳೆಯಿರಿ.

ಎಲ್ಲ ಮುರಕಲ್ಲೂ ಒಂದೇ ತರ ಹಿಡಿಯುವುದಿಲ್ಲ. ಹಾಗಾಗಿ ಪರೀಕ್ಷೆ ಬೇಕೇ ಬೇಕು. 10 ಗ್ರಾಂ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಅದರಿಂದ 5 ಮಿ.ಲೀ. ತೆಗೆದು ಮತ್ತೊಂದು ಲೀಟರ್ ನೀರಿಗೆ ಬೆರೆಸಿ. ಈ ನೀರಿನಲ್ಲಿ ಲೀಟರಿಗೆ ಸುಮಾರು 10 ಮಿ.ಗ್ರಾಂ ರಂಜಕವಿರುತ್ತದೆ. ಇದಕ್ಕೆ 100 ಗ್ರಾಂ ಕಲ್ಲಿನ ಚೂರು ಹಾಕಿ ಒಂದು ದಿನ ಬಿಡಿ, ಆಗಾಗ ಅಲುಗಿಸಿ. ಅಕ್ವೇರಿಯಂ ಅಂಗಡಿಯ ಫಾಸ್ಫೇಟ್ ಕಿಟ್ಟಿನಿಂದ ಅಳೆಯಿರಿ. ಕಿಟ್ ಫಾಸ್ಫೇಟ್ ಲೆಕ್ಕ ತೋರಿಸಿದರೆ ಮೂರರಿಂದ ಭಾಗಿಸಿ, ಆಗ ರಂಜಕದ ಲೆಕ್ಕ ಸಿಗುತ್ತದೆ. ಬಣ್ಣ ತೀರಾ ಗಾಢವಾದರೆ ಆ ನೀರಿನ ಒಂದು ಪಾಲಿಗೆ ಒಂಬತ್ತು ಪಾಲು ಬಾವಿ ನೀರು ಬೆರೆಸಿ ಅಳೆದು, ಬಂದ ಲೆಕ್ಕವನ್ನು ಹತ್ತರಿಂದ ಗುಣಿಸಬೇಕು.

ನೀರು ಚೆಲ್ಲಿ, ಅದೇ ಚೂರಿಗೆ ಹೊಸ ಡಿಎಪಿ ನೀರು ಹಾಕುತ್ತಾ ಹೋಗಿ. ಹತ್ತು ಸಲವಾದರೂ ರಂಜಕ ಪೂರ್ತಿ ಹಿಡಿಯುತ್ತಿದ್ದರೆ ಆ ಕಲ್ಲು ಕೆಜಿಗೆ 1 ಗ್ರಾಂ ಹಿಡಿಯಬಲ್ಲದು ಎಂದರ್ಥ.

ಎಷ್ಟು ಕಲ್ಲು?

ನಾಲ್ಕು ಜನರ ಮನೆ, ದಿನಕ್ಕೆ 400 ಲೀಟರ್ ನೀರು, ಲೀಟರಿಗೆ 5 ಮಿ.ಗ್ರಾಂ ರಂಜಕ ಎಂದಿಟ್ಟುಕೊಳ್ಳಿ. ದಿನಕ್ಕೆ 2 ಗ್ರಾಂ, ವರ್ಷಕ್ಕೆ 730 ಗ್ರಾಂ ಆಯಿತು. ಮೇಲಿನ ಕಲ್ಲಾದರೆ ವರ್ಷಕ್ಕೆ 730 ಕೆಜಿ ಬೇಕು. ಅಂದರೆ 200 ಲೀಟರಿನ ಮೂರ್ನಾಲ್ಕು ಡ್ರಮ್. ಜಾಸ್ತಿ ಅನ್ನಿಸಿತು ಅಲ್ವಾ? ಅದಕ್ಕೇ ಮೊದಲು ಫಾಸ್ಫೇಟ್ ಇಲ್ಲದ ಬಟ್ಟೆ ಸೋಪಿನ ಪುಡಿಗೆ ಬದಲಾಗಿ. ನೀರಿಗೆ ಇಳಿಯದ ರಂಜಕವನ್ನು ಹಿಡಿಯುವ ಕೆಲಸವೇ ಇರುವುದಿಲ್ಲ.

ತುಂಬಿಸಿ, ನಿಲ್ಲಿಸಿ, ಬಸಿಯಿರಿ

ಡ್ರಮ್ಮಿನ ತಳಕ್ಕೆ ನಳ್ಳಿ ಕೂರಿಸಿ. ನಾಲ್ಕು ಇಂಚು ಜಲ್ಲಿ, ಮೇಲೆ ಕಲ್ಲಿನ ಚೂರು, ಮುಚ್ಚಳ. ಒಂದು ಡ್ರಮ್ಮಿನ ಚೂರುಗಳ ಸಂದಿಯಲ್ಲಿ 80 ಲೀಟರಿನಷ್ಟು ನೀರು ನಿಲ್ಲುತ್ತದೆ. ಬೆಳಿಗ್ಗೆ ತುಂಬಿಸಿದ್ದನ್ನು ಸಂಜೆ ಬಸಿಯಿರಿ, ಸಂಜೆ ತುಂಬಿಸಿದ್ದನ್ನು ಬೆಳಿಗ್ಗೆ. ಫಾಸ್ಫೇಟ್ ಅಂಟಿಕೊಳ್ಳಲು ಇಷ್ಟು ಹೊತ್ತು ಬೇಕು.

ಬಸಿಯುವುದಕ್ಕೆ ಇನ್ನೂ ಒಂದು ಕಾರಣವಿದೆ, ಅದೇ ಮುಖ್ಯ. ನೀರು ಇಳಿದಾಗ ಚೂರುಗಳಿಗೆ ಗಾಳಿ ಸಿಗುತ್ತದೆ. ಕೊಳೆತ ನೀರು ಗಾಳಿಯಿಲ್ಲದೆ ನಿಂತರೆ ಕಬ್ಬಿಣದ ರೂಪ ಬದಲಾಗಿ ಅದು ನೀರಿಗೆ ಕರಗುತ್ತದೆ, ಹಿಡಿದಿದ್ದ ರಂಜಕವೂ ಹೊರಬರುತ್ತದೆ. ಊರಿಗೆ ಹೋಗುವಾಗ ಡ್ರಮ್ ಖಾಲಿ ಮಾಡಿ ನಳ್ಳಿ ತೆರೆದಿಡಿ. ಮಳೆಗಾಲದಲ್ಲಿ ಮಾಡಿನ ನೀರು ತೊಟ್ಟಿಗೆ ಬೀಳದಂತೆ ನೋಡಿಕೊಳ್ಳಿ.

ಪಚ್ಚಿಲೆ, ಮರುವಾಯಿ ಚಿಪ್ಪು ಆಗುವುದಿಲ್ಲವೇ ಎಂದು ಕರಾವಳಿಯವರು ಕೇಳಿಯೇ ಕೇಳುತ್ತಾರೆ. ಚಿಪ್ಪಿನ ಕ್ಯಾಲ್ಸಿಯಂ ಕೂಡ ಫಾಸ್ಫೇಟನ್ನು ಹಿಡಿಯುತ್ತದೆ, ಆದರೆ ಹಸಿ ಚಿಪ್ಪಿನ ಶಕ್ತಿ ಕಡಿಮೆ. ಸುಟ್ಟ ಚಿಪ್ಪು ಜೋರಾಗಿ ಕೆಲಸ ಮಾಡುತ್ತದೆ, ಆದರೆ ಹೊರಬರುವ ನೀರು ಮೀನು ಸಾಯುವಷ್ಟು ಕ್ಷಾರವಾಗಬಹುದು. ಮನೆ ಮಟ್ಟಕ್ಕೆ ನನ್ನ ಆಯ್ಕೆ ಮುರಕಲ್ಲೇ.

ಕಲ್ಲು ಬದಲಿಸುವುದು

ತಿಂಗಳಿಗೊಮ್ಮೆ ಒಳಹೋಗುವ, ಹೊರಬರುವ ನೀರು ಎರಡನ್ನೂ ಅಳೆಯಿರಿ. ಹೊರಬರುವ ನೀರಿನಲ್ಲಿ ಅರ್ಧದಷ್ಟು ರಂಜಕ ಉಳಿಯತೊಡಗಿದರೆ ಕಲ್ಲು ತುಂಬಿತು. ನೀರು ತಿಳಿಯಾಗಿ ಕಂಡರೂ ರೋಗಾಣುಗಳು ಇರುತ್ತವೆ. ಕುಡಿಯಲು, ಪಾತ್ರೆ ತೊಳೆಯಲು ಬಳಸಬೇಡಿ.

ತೆಗೆದ ಚೂರನ್ನು ಗ್ಲೌಸ್ ಹಾಕಿಕೊಂಡೇ ಮುಟ್ಟಿ, ಕೆಲವು ವಾರ ಬಿಸಿಲಿಗೆ ಹರಡಿ. ತೋಡಿನ ಕೆಸರಿಗಂತೂ ಸುರಿಯಬೇಡಿ, ಅಲ್ಲಿ ಗಾಳಿಯಿಲ್ಲದೆ ರಂಜಕ ಮತ್ತೆ ಬಿಡುಗಡೆಯಾಗುತ್ತದೆ. ಪರಿಚಯದ ತೋಟವಿದ್ದರೆ ತೆಂಗಿನ ಬುಡಕ್ಕೆ ಹಾಕಲು ಕೊಡಿ. ಅದರಲ್ಲಿರುವ ರಂಜಕ ತುಂಬ ನಿಧಾನವಾಗಿ ಬೇರಿಗೆ ಸಿಗುವುದರಿಂದ, ಅದನ್ನು ನಂಬಿ ಆ ವರ್ಷದ ಗೊಬ್ಬರ ಕಡಿಮೆ ಮಾಡುವುದು ಬೇಡ.