ವಾಲಗದಿಂದ ಜಾಝ್‌ಗೆ: ಬೇಸ್ ಕೇಳುವುದು ಕಲಿತ ನನ್ನ ಅನುಭವ

ನಾನು ಹಾಸನದವನು. ಮದುವೆ, ಗೃಹಪ್ರವೇಶ, ಊರ ಜಾತ್ರೆಗಳಲ್ಲಿ ವಾಲಗದವರ ಜೊತೆ ಸ್ಯಾಕ್ಸೋಫೋನ್ ನುಡಿಸುತ್ತೇನೆ. ಶನಿವಾರ ಬಿಡುವಿದ್ದರೆ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗಿ ಐದು ಜನರ ಜಾಝ್ ಬ್ಯಾಂಡ್‌ನಲ್ಲೂ ಅದೇ ಸ್ಯಾಕ್ಸ್ ಊದುತ್ತೇನೆ. ಬೆಳಿಗ್ಗೆ ಗಟ್ಟಿಮೇಳ, ಸಂಜೆ ಬ್ಲೂಸ್ (ಜಾಝ್‌ಗೆ ಬೇರಾದ, ಅಮೆರಿಕದ ಕಪ್ಪು ಜನರ ಸಂಗೀತ). "ಎರಡೂ ಹೇಗೆ ಸಾರ್ ಆಗುತ್ತೆ?" ಅಂತ ಸ್ಯಾಕ್ಸ್ ಕಲಿಯುವ ಹುಡುಗರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ನಮ್ಮ ಕಡೆ ಸ್ಯಾಕ್ಸ್ ಹಿಡಿದವರಿಗೆಲ್ಲ ಕದ್ರಿ ಗೋಪಾಲನಾಥರೇ ದಾರಿ ತೋರಿಸಿದವರು. ನಾಗಸ್ವರದ ಮನೆಯಿಂದ ಬಂದವರು, ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸ್ ಕೇಳಿ ಮರುಳಾದವರು. ಅವರೇ 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ 'ಕಿನ್ಸ್‌ಮೆನ್' ಆಲ್ಬಂನಲ್ಲಿ ನುಡಿಸಿದರು. ಅದಕ್ಕೂ ಎಷ್ಟೋ ಮುಂಚೆ, 1983ರಲ್ಲಿ, ಬೆಂಗಳೂರಿನ ಗಾಯಕಿ ಆರ್.ಎ. ರಮಾಮಣಿ ಮತ್ತು ಮೃದಂಗದ ಟಿ.ಎ.ಎಸ್. ಮಣಿ ಅವರ ತಂಡ ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೋ ಜೊತೆ 'ಜ್ಯೋತಿ' ಆಲ್ಬಂ ರೆಕಾರ್ಡ್ ಮಾಡಿತ್ತು. ಹಾಗಾಗಿ ವಾಲಗದವನು ಜಾಝ್ ನುಡಿಸುವುದರಲ್ಲಿ ಅಂಥ ವಿಚಿತ್ರವೇನೂ ಇಲ್ಲ. ನಮ್ಮ ಜಿಲ್ಲೆಗೆ ಸ್ವಲ್ಪ ತಡವಾಗಿ ಬಂತು, ಅಷ್ಟೇ.

ಬ್ಯಾಂಡ್‌ನಲ್ಲಿ ಒಬ್ಬೊಬ್ಬರೂ ಒಂದೊಂದು ಕಡೆಯಿಂದ ಬಂದವರು. ಕೀಬೋರ್ಡ್‌ನವರು ಚಿಕ್ಕಮಗಳೂರಿನ ಒಂದು ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತಾ ಬೆಳೆದವರು. ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ವಿಷಯದಲ್ಲಿ ನಮಗೆಲ್ಲ ಅವರೇ ಮೇಷ್ಟ್ರು. ಬೇಸ್ ಗಿಟಾರ್ (ಮಂದ್ರ ಸ್ವರಗಳ ಗಿಟಾರ್) ಮತ್ತು ಡ್ರಮ್ಸ್‌ನವರು ಗಣಪತಿ ಹಬ್ಬದ ಆರ್ಕೆಸ್ಟ್ರಾದವರು. ಟ್ರಂಪೆಟ್ ಅಣ್ಣ ಹಾಸನದ ಬ್ಯಾಂಡ್ ಸೆಟ್‌ನವರು. ನಮಗಿಂತ ತುಂಬಾ ದೊಡ್ಡವರು, ನೊಟೇಶನ್ ಓದಲು ಬರುವುದಿಲ್ಲ. ಆದರೆ ಒಮ್ಮೆ ಕೇಳಿದ ಹಾಡು ಅವರಿಗೆ ಮರೆಯುವುದೇ ಇಲ್ಲ. ಪ್ರಾಕ್ಟೀಸ್‌ಗೆ ಪರಿಚಯದವರ ಎಸ್ಟೇಟ್‌ನ ಗೋಡೌನ್ ಸಿಕ್ಕಿತು. ಗೋಣಿಚೀಲಗಳಿರುವುದರಿಂದ ಸದ್ದು ಗುಯ್‌ಗುಡುವುದಿಲ್ಲ. ಡಿಸೆಂಬರ್‌ನಿಂದ ಕಾಫಿ ಬಂದು ತುಂಬಿದರೆ ನಮಗೆ ಜಾಗವಿಲ್ಲ. ಆಗ ಕೀಬೋರ್ಡ್‌ನವರ ಮನೆ ಹಾಲ್, ಅಕ್ಕಪಕ್ಕದವರ ತಾಳ್ಮೆ ಇದ್ದಷ್ಟು ಹೊತ್ತು.

ಶುರುವಿನಲ್ಲಿ ನನಗೆ ಧೈರ್ಯ ಜಾಸ್ತಿಯೇ ಇತ್ತು. ಜಾಝ್‌ನವರು ಡೋರಿಯನ್ ಅನ್ನುವ ಸ್ವರಸಾಲು ನಮ್ಮ ಖರಹರಪ್ರಿಯ ರಾಗ, ಮಿಕ್ಸೊಲಿಡಿಯನ್ ಅಂದರೆ ಹರಿಕಾಂಭೋಜಿ, ಲಿಡಿಯನ್ ಅಂದರೆ ಕಲ್ಯಾಣಿ. ಮೈನರ್ ಪೆಂಟಟಾನಿಕ್ ಅಂತೂ ಶುದ್ಧ ಧನ್ಯಾಸಿ. ಇಷ್ಟೆಲ್ಲ ಕೈಯಲ್ಲಿದೆ, ಇನ್ನೇನು ಬೇಕು? ನುಡಿಸಿದರೆ ಸ್ವರ ಎಲ್ಲವೂ ಸರಿ, ಆದರೆ ಬ್ಯಾಂಡ್ ಒಂದು ಕಡೆ, ನಾನು ಒಂದು ಕಡೆ. ಕಾರಣ ತುಂಬಾ ಸರಳ. ನಮ್ಮ ಸಂಗೀತದಲ್ಲಿ ಶ್ರುತಿ ಪೆಟ್ಟಿಗೆ ಆನ್ ಮಾಡಿದರೆ ಕಛೇರಿ ಮುಗಿಯುವವರೆಗೂ 'ಸ' ಕದಲುವುದಿಲ್ಲ. ಜಾಝ್‌ನಲ್ಲಿ ಆಧಾರವೇ ಮನೆ ಬದಲಾಯಿಸುತ್ತಾ ಹೋಗುತ್ತದೆ. ಅದು ಈಗ ಎಲ್ಲಿದೆ ಅಂತ ಹೇಳುವುದು ಬೇಸ್ ಗಿಟಾರ್. ನಾನೋ ಮದುವೆ ಮನೆಯ ಅಭ್ಯಾಸದಲ್ಲಿ ನನ್ನ ಸ್ಯಾಕ್ಸ್ ಒಂದನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಹನ್ನೆರಡು ಬಾರ್‌ನ ಬ್ಲೂಸ್ ತಗೊಳ್ಳಿ. ಬಾರ್ ಅಂದರೆ ಎಣಿಕೆಯ ಒಂದು ತುಂಡು. ಬಾರ್‌ಗೆ ನಾಲ್ಕು ಎಣಿಕೆ, ಒಂದು ಸುತ್ತಿಗೆ ನಲವತ್ತೆಂಟು. ಕೀಬೋರ್ಡ್‌ನವರು ಬರೆದುಕೊಟ್ಟ ಚೀಟಿಯಲ್ಲಿ ಬಿ ಫ್ಲಾಟ್, ಈ ಫ್ಲಾಟ್, ಎಫ್ ಅಂತ ಕಾರ್ಡ್‌ಗಳ ಹೆಸರಿತ್ತು. ನನಗೂ ಟ್ರಂಪೆಟ್ ಅಣ್ಣನಿಗೂ ತಲೆಗೆ ಹೋಗಲಿಲ್ಲ. ಕೊನೆಗೆ ಬಿ ಫ್ಲಾಟ್ ಅನ್ನೇ 'ಸ' ಮಾಡಿಕೊಂಡು ನಮ್ಮ ಲೆಕ್ಕದಲ್ಲೇ ಬರೆದುಕೊಂಡೆವು: ಸ ನಾಲ್ಕು ಬಾರ್, ಮ ಎರಡು, ಮತ್ತೆ ಸ ಎರಡು, ಪ ಒಂದು, ಮ ಒಂದು, ಸ ಎರಡು. "ಇಷ್ಟೇನಾ ತಮ್ಮಾ? ಮೊದಲೇ ಹೇಳಬಾರದಾ!" ಅಂದರು ಅಣ್ಣ.

ಬಿ ಫ್ಲಾಟ್ ಆರಿಸಿದ್ದಕ್ಕೂ ಕಾರಣವಿದೆ. ಟ್ರಂಪೆಟ್‌ನಲ್ಲಿ ಯಾವ ವಾಲ್ವನ್ನೂ ಒತ್ತದೆ ಊದಿದರೆ ಬರುವ 'ಸಿ', ಕೀಬೋರ್ಡ್‌ನಲ್ಲಿ ಬಿ ಫ್ಲಾಟ್. ನನ್ನ ಆಲ್ಟೋ ಸ್ಯಾಕ್ಸ್‌ನಲ್ಲಿ ಎಡಗೈಯ ಮೂರು ಬೆರಳು ಮುಚ್ಚಿದರೆ 'ಜಿ'. ಅದೂ ಕೀಬೋರ್ಡ್‌ನ ಬಿ ಫ್ಲಾಟೇ. ಇಬ್ಬರಿಗೂ ಕೈಗೆ ಸುಲಭ. ಆಲ್ಟೋದಲ್ಲಿ 'ಸಿ' ಬೆರಳು ಹಿಡಿದರೆ ಕೇಳುವುದು ಕೀಬೋರ್ಡ್‌ನ ಈ ಫ್ಲಾಟ್, ನಮ್ಮ ಲೆಕ್ಕದಲ್ಲಿ ಎರಡೂವರೆ ಶ್ರುತಿ. ಇದು ವಾಲಗದಲ್ಲಿ ಯಾರಿಗೂ ಬೇಕಾಗುವುದಿಲ್ಲ. ಬ್ಯಾಂಡ್‌ಗೆ ಸೇರುವವರು ಮಾತ್ರ ಮೊದಲ ದಿನವೇ ಕಲಿತುಬಿಡಿ. ಇಲ್ಲದಿದ್ದರೆ ಕೀಬೋರ್ಡ್‌ನವರು 'ಸಿ' ಅಂದಾಗ ನೀವೂ 'ಸಿ' ಹಿಡಿದು ಎಲ್ಲರೂ ನಿಮ್ಮ ಮುಖ ನೋಡುತ್ತಾರೆ.

ಆಮೇಲೆ ಬೇಸ್‌ನವರ ಹತ್ತಿರ ಬರೀ ಬೇಸ್ ನುಡಿಸಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹಾಸನದ ಮನೆಯಲ್ಲಿ ಅದನ್ನು ಹಾಕಿಕೊಂಡು, ಮೊದಮೊದಲು ಒಂದು ಬಾರ್‌ಗೆ ಒಂದೇ ಉದ್ದ ಸ್ವರ. ಬೇಸ್ ಎಲ್ಲಿದೆಯೋ ಅದೇ ಸ್ವರ. ನೋಡಿದವರಿಗೆ ಕಲಿಯೋಕೆ ಬಂದ ಹುಡುಗನ ಪಾಠದ ಹಾಗಿತ್ತು. ಅದು ತಾನಾಗೇ ಬರುವಂತಾದ ಮೇಲೆ ಗಾಂಧಾರಕ್ಕೆ ಬಂದೆ. ಗುಟ್ಟು ಇರುವುದೇ ಇಲ್ಲಿ. ಬೇಸ್ 'ಸ'ದಲ್ಲಿದ್ದಾಗ ಅಂತರ ಗಾಂಧಾರ (ಮೇಲಿನ 'ಗ') ಹಿಡಿಯಿರಿ. ಬೇಸ್ 'ಮ'ಗೆ ಹೋದ ಕ್ಷಣ ಅದನ್ನು ಸಾಧಾರಣ ಗಾಂಧಾರಕ್ಕೆ (ಕೆಳಗಿನ 'ಗ') ಇಳಿಸಿ. ಇಳಿಸುವುದು ಅರ್ಧ ಸ್ವರ ಮಾತ್ರ. ಆದರೆ ಕೇಳುವವನಿಗೆ ಸ್ಯಾಕ್ಸ್‌ನವನಿಗೆ ದಾರಿ ಗೊತ್ತಿದೆ ಅನ್ನಿಸುತ್ತದೆ. ಈ ಒಂದೇ ಸ್ವರ ಇಟ್ಟುಕೊಂಡು ಒಂದಿಡೀ ಸುತ್ತು ನುಡಿಸಬಹುದು, ಪ್ರಯತ್ನಿಸಿ ನೋಡಿ.

ಗಮಕದ (ಸ್ವರವನ್ನು ತೂಗಿ ಜಾರಿಸುವುದು) ವಿಷಯ ಸ್ವಲ್ಪ ನಾಜೂಕು. ಕೀಬೋರ್ಡ್ ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತಿ ಹಿಡಿದಿರುವಾಗ ನಾವು ಉದ್ದ ಕಂಪಿತ (ಸ್ವರದ ಅಲುಗಾಟ) ಕೊಟ್ಟರೆ ತಿಕ್ಕಾಟ. ಆದರೆ ಬ್ಲೂಸ್‌ನಲ್ಲಿ ಎರಡು ಗಾಂಧಾರಗಳ ನಡುವೆ ಜಾರುವ ಸ್ವರಕ್ಕೇ ಬೆಲೆ. ಪಿಯಾನೋದವರಿಗೆ ಆ ಜಾಗ ಸಿಗುವುದೇ ಇಲ್ಲ. ನಮಗೆ ತುಟಿ ಸಡಿಲಿಸಿದರೆ ಸಾಕು. ಇಲ್ಲಿ ಮಾತ್ರ ವಾಲಗದವರದೇ ಮೇಲುಗೈ ಅಂತ ನನ್ನ ಅಭಿಪ್ರಾಯ. ಕೀಬೋರ್ಡ್‌ನವರು ಒಪ್ಪುವುದಿಲ್ಲ.

ಸ್ವಿಂಗ್, ಅಂದರೆ ಜಾಝ್ ಲಯದ ತೂಗಾಟದ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿದ್ದೆ. ನಮಗೆ ಅದು ತಿಸ್ರ ನಡೆಯ (ಒಂದು ಎಣಿಕೆಗೆ ಮೂರು ಭಾಗ) ಹತ್ತಿರದ ನೆಂಟ. 'ತಕಿಟ'ದಲ್ಲಿ 'ತಕಿ'ಯನ್ನು ಒಂದಾಗಿ ಎಳೆದು, 'ಟ'ವನ್ನು ಕೊನೆಯಲ್ಲಿ ಇಟ್ಟರೆ ಬಂತು. ವೇಗ ಹೆಚ್ಚಿದಂತೆ ಆ ಎಳೆತ ಕಡಿಮೆಯಾಗುತ್ತಾ ಎರಡೂ ಸಮವಾಗುತ್ತವೆ, ಅಷ್ಟೇ. ನಿಜವಾಗಿ ಕಷ್ಟವಾದದ್ದು ಡ್ರಮ್ಸ್‌ನವರಿಗೆ. ಆರ್ಕೆಸ್ಟ್ರಾದಲ್ಲಿ ಒಂದನೇ ಎಣಿಕೆಗೆ ಗಟ್ಟಿಯಾಗಿ ಹೊಡೆದೇ ಅಭ್ಯಾಸ. ಇಲ್ಲಿ ಎರಡು ಮತ್ತು ನಾಲ್ಕಕ್ಕೆ ಕಾಲಿನಿಂದ ಹೈಹ್ಯಾಟ್ (ಜೋಡಿ ಲೋಹದ ತಟ್ಟೆ) ಮುಚ್ಚಬೇಕು. ಲಯ ಹೇಳುವ ಯಂತ್ರ ಮೆಟ್ರೋನೋಮ್‌ನ ಟಿಕ್ ಅನ್ನೇ ಎರಡು, ನಾಲ್ಕು ಅಂದುಕೊಂಡು ಅವರು ಅಭ್ಯಾಸ ಮಾಡಿದರು. ಪಕ್ಕದ ಕಾರ್ಮಿಕರ ಲೈನ್ ಮನೆಯ ಮಕ್ಕಳು ಗೋಡೌನ್ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಅವರನ್ನು ಮತ್ತೆ ಒಂದಕ್ಕೆ ಎಳೆಯುತ್ತಿದ್ದರು.

ಮಲೆನಾಡಿನ ಹವೆಯ ಬಗ್ಗೆ ಹೇಳಲೇಬೇಕು. ಮಳೆಗಾಲದಲ್ಲಿ ರೀಡ್ (ಮೌತ್‌ಪೀಸ್‌ಗೆ ಕಟ್ಟುವ ತೆಳು ಪಟ್ಟಿ) ಸೊಟ್ಟಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ನುಡಿಸಿದ ಮೇಲೆ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮೂರ್ನಾಲ್ಕು ರೀಡ್ ಸರದಿಯಲ್ಲಿ ಬಳಸಿ. ಜಿ ಶಾರ್ಪ್ ಕೀಯ ಪ್ಯಾಡ್ ಅಂಟಿಕೊಂಡು ತೆರೆಯುವುದೇ ಇಲ್ಲ. ಅದರಡಿ ತೆಳು ಕಾಗದ ಇಟ್ಟು, ಮೆಲ್ಲಗೆ ಒತ್ತಿ ತೇವ ತೆಗೆಯಬೇಕು. ಸಿಹಿ ಕಾಫಿ ಕುಡಿದು ಬಾಯಿ ಮುಕ್ಕಳಿಸದೆ ಊದಿದರೆ ಇನ್ನೂ ಅಂಟು. ಚಳಿಗಾಲದಲ್ಲಿ ಗಿರಿ ಕಡೆಯ ಕಾರ್ಯಕ್ರಮಗಳಲ್ಲಿ ಸ್ಯಾಕ್ಸ್ ತಣ್ಣಗಾಗಿ ಶ್ರುತಿ ಇಳಿಯುತ್ತದೆ, ಊದುತ್ತಾ ಬಿಸಿಯಾದಂತೆ ಏರುತ್ತದೆ. ಅದಕ್ಕೇ ಚೆನ್ನಾಗಿ ಊದಿ ಬಿಸಿ ಮಾಡಿದ ಮೇಲೆಯೇ ಮೌತ್‌ಪೀಸ್ ಜರುಗಿಸಿ ಶ್ರುತಿ ಕೂಡಿಸುತ್ತೇನೆ.

ಕಾರ್ಯಕ್ರಮ ಸಿಗುವುದು ಹೋಮ್‌ಸ್ಟೇ, ರೆಸಾರ್ಟ್‌ಗಳಲ್ಲಿ, ಅದೂ ವಾರದ ಕೊನೆಗೆ. ದುಡ್ಡು ಮದುವೆಗಿಂತ ಕಡಿಮೆ. ಒಂದು ಕಡೆಯಂತೂ ತಿಂಗಳುಗಟ್ಟಲೆ ಫೋನ್ ಮಾಡಿಸಿಕೊಂಡರು. ಈಗ ಅರ್ಧ ಅಡ್ವಾನ್ಸ್ ಬಂದ ಮೇಲೇ ಗಾಡಿ ಹತ್ತುವುದು. ರಾತ್ರಿ 10 ಗಂಟೆಗೆ ಸ್ಪೀಕರ್ ಆಫ್, ಅದು ಕಾನೂನು. ಅದಾದ ಮೇಲೂ ಜನ ಕೂತಿದ್ದರೆ ಮೈಕ್ ಇಲ್ಲದೆ ಎರಡು ನಿಧಾನದ ಹಾಡು, ಡ್ರಮ್ಸ್‌ಗೆ ಬರೀ ಬ್ರಷ್. ಎಷ್ಟೋ ಸಲ ಅದೇ ಚೆನ್ನಾಗಿರುತ್ತದೆ.

"ಒಂದು ಕನ್ನಡ ಹಾಡು ಹೊಡೀರಿ ಸಾರ್" ಅಂತ ಒಬ್ಬರಾದರೂ ಕೇಳುತ್ತಾರೆ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಹಳೆಯ ಸಿನಿಮಾ ಹಾಡೊಂದನ್ನು ಟ್ರಂಪೆಟ್ ಅಣ್ಣ ಎತ್ತುತ್ತಾರೆ, ಕೀಬೋರ್ಡ್‌ನವರು ಅಡಿಯಲ್ಲಿ ಬೇರೆ ಕಾರ್ಡ್ ಹಾಕುತ್ತಾರೆ, ಬೇಸ್ ನಡೆಯಲು ಶುರು. ಇದು ಹೊಸದೂ ಅಲ್ಲ. 1950ರ ಸುಮಾರಿನ ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗೋವಾದ ಜಾಝ್ ವಾದಕರು ಎಷ್ಟೋ ಜನ ಇದ್ದರು. ಸಿ. ರಾಮಚಂದ್ರರ ಜೊತೆ ಕೆಲಸ ಮಾಡಿದ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಅಂಥವರಲ್ಲೊಬ್ಬರು. ಜಾಝ್ ಅಂತ ಗೊತ್ತಿಲ್ಲದೆಯೇ ನಮ್ಮ ಜನ ಕೇಳಿಕೊಂಡು ಬಂದಿದ್ದಾರೆ.

ಈಗ ವಾಲಗದ ಡೋಲಿನವರನ್ನೂ ಗೋಡೌನ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಎತ್ತಿಕೊಂಡಿರುವುದು 1959ರಲ್ಲಿ ಬಂದ, ಐದು ಎಣಿಕೆಯ ಜಾಝ್ ಹಾಡು 'ಟೇಕ್ ಫೈವ್'. ಡೋಲಿನವರ ಐದೆಣಿಕೆಯ ತಾಳ ಖಂಡ ಛಾಪು ಎರಡು-ಮೂರು, 'ತಕ ತಕಿಟ'. ಹಾಡಿನದು ಮೂರು-ಎರಡು. ಡ್ರಮ್ಸ್‌ನವರಿಗೂ ಅವರಿಗೂ ಒಂದು ಮಧ್ಯಾಹ್ನವೆಲ್ಲ ವಾದ. ಕೊನೆಗೆ ಡೋಲಿನವರೇ, "ನೀವು ಸಮಕ್ಕೆ, ತಾಳದ ಮೊದಲಿಗೇ, ಎತ್ತಬೇಡಿ ಸ್ವಾಮಿ, ನನ್ನ ತಕ ಮುಗಿಯಲಿ, ತಕಿಟಕ್ಕೆ ಎತ್ತಿ" ಅಂದರು. ಎತ್ತಿದೆವು, ಕೂತಿತು. ಈ ಸೀಸನ್‌ಗೆ ಅವರೂ ಬರುತ್ತಾರೆ. ಡೋಲಿಗೆ ಮೈಕ್ ಕೇಳಿಲ್ಲ. ಅದರ ಪಕ್ಕ ಕೂರಬೇಕಾದ ಡ್ರಮ್ಸ್‌ನವರು ಮಾತ್ರ ಈಗಲೇ ಎರಡು ಕೇಳಿದ್ದಾರೆ.