ಇಂಚಿನ ಡ್ರಾಯಿಂಗನ್ನು ಮಿಲಿಮೀಟರಿಗೆ ಇಳಿಸುವಾಗ ನಾನು ಅನುಸರಿಸುವ ಕ್ರಮ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳಿಗೆ ಮಷಿನಿಂಗ್ ಮಾಡಿಕೊಡುವ ಒಂದು ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ವಿಭಾಗ ನನ್ನ ಜವಾಬ್ದಾರಿ. ಅಮೆರಿಕದ ಗ್ರಾಹಕರ ಪಂಪು, ವಾಲ್ವುಗಳ ಡ್ರಾಯಿಂಗುಗಳು ನಮಗೆ ಈಗಲೂ ಇಂಚಿನಲ್ಲಿಯೇ ಬರುತ್ತವೆ. ನಮ್ಮ ಯಂತ್ರಗಳು, ಮೈಕ್ರೋಮೀಟರುಗಳೆಲ್ಲ ಮಿಲಿಮೀಟರಿನವು. 1959ರ ಅಂತರರಾಷ್ಟ್ರೀಯ ಒಪ್ಪಂದದಂತೆ ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿ.ಮೀ. ಆದುದರಿಂದ ಗುಣಾಕಾರದಲ್ಲಿ ಯಾವ ಸಂದೇಹವೂ ಇಲ್ಲ. ಬಂದ ಉತ್ತರದ ದಶಾಂಶಗಳನ್ನು ಎಲ್ಲಿ ನಿಲ್ಲಿಸಬೇಕು, ಯಾವ ಕಡೆಗೆ ಸರಿಸಬೇಕು ಎಂಬಲ್ಲಿಯೇ ಕೆಲಸದ ಜೀವಾಳವಿದೆ.

ನಾನು ಮೊದಲು ಓದುವುದು ಟೈಟಲ್ ಬ್ಲಾಕನ್ನು, ಅಂದರೆ ಡ್ರಾಯಿಂಗಿನ ವಿವರಗಳನ್ನು ಬರೆದ ಚೌಕವನ್ನು. ಇಂಚಿನ ಡ್ರಾಯಿಂಗಿನಲ್ಲಿ .50 ಮತ್ತು .500 ಒಂದೇ ಅಳತೆಯಾದರೂ ಬೇಡಿಕೆ ಬೇರೆ: ಎರಡು ದಶಾಂಶವಿದ್ದರೆ ±.01, ಮೂರಿದ್ದರೆ ±.005 ಎಂಬಂಥ ಸೂಚನೆ ಅಲ್ಲಿರುತ್ತದೆ. ಎರಡನ್ನೂ 12.7 ಎಂದು ಬರೆದುಬಿಟ್ಟರೆ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಹಾಗಾಗಿ ಗುಣಿಸುವುದಕ್ಕೆ ಮೊದಲೇ ಪ್ರತಿ ಅಳತೆಯ ಪಕ್ಕದಲ್ಲಿ ಅದರ ಟಾಲರನ್ಸ್ (ಒಪ್ಪಬಹುದಾದ ಹೆಚ್ಚುಕಡಿಮೆ) ಬರೆದುಕೊಳ್ಳುತ್ತೇನೆ.

ಆಮೇಲೆ ಗುಣಿಸುವುದು ಮಿತಿಗಳನ್ನು. ಒಂದು ಬೋರಿನ (ಕೊರೆದ ರಂಧ್ರದ) ವ್ಯಾಸ .875 ±.001 ಎಂದಿದ್ದರೆ ಮಿತಿಗಳು .874 ಮತ್ತು .876, ಮಿಲಿಮೀಟರಿನಲ್ಲಿ 22.1996 ಮತ್ತು 22.2504. ಕೆಳಮಿತಿಯನ್ನು ಮೇಲಕ್ಕೂ ಮೇಲ್ಮಿತಿಯನ್ನು ಕೆಳಕ್ಕೂ ಸರಿಸಿ 22.20–22.25 ಎಂದು ಕೊಡುತ್ತೇನೆ. ಹೀಗೆ ಒಳಮುಖವಾಗಿ ಸರಿಸಿದರೆ ನಮ್ಮಲ್ಲಿ ಪಾಸಾದ ಭಾಗ ಗ್ರಾಹಕರಲ್ಲಿಯೂ ಪಾಸಾಗಲೇಬೇಕು. ಅದನ್ನೇ ಸುಮ್ಮನೆ 22.23 ±0.03 ಎಂದು ಬರೆದರೆ ಮೇಲ್ಮಿತಿ 22.26ಕ್ಕೆ ಹೋಗುತ್ತದೆ, ಆಪರೇಟರ್ ನಮ್ಮ ಕಾಗದವನ್ನು ಚಾಚೂ ತಪ್ಪದೆ ಪಾಲಿಸಿದರೂ ಅವನ ಭಾಗ ರಿಜೆಕ್ಟ್ ಆಗಬಹುದು. ಇದು ಅವನಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಗೇಟು, ಗ್ರಿಲ್ಲು ಕಟ್ಟುವ ಮಿಸ್ತ್ರಿಗಳು ಇಂಚಿನ ಎಂಟನೆಯ ಒಂದು ಭಾಗವಾದ ಸೂತಕ್ಕೆ 3 ಮಿ.ಮೀ. ಹಿಡಿಯುತ್ತಾರೆ, ಎಂಟು ಸೂತಕ್ಕೆ 1.4 ಮಿ.ಮೀ. ಕಡಿಮೆ ಬಂದರೂ ಅವರ ಕೆಲಸ ಸಾಗುತ್ತದೆ, ಬೋರಿಂಗ್ ಕೆಲಸ ಸಾಗುವುದಿಲ್ಲ.

ಪರಿವರ್ತಿಸಲೇಬಾರದ ಸಂಗತಿಗಳೂ ಇವೆ. ½-13 ಯುಎನ್‌ಸಿ (ಅಮೆರಿಕದ ಮಾನಕದ) ಥ್ರೆಡ್ಡನ್ನು ಹಾಗೆಯೇ ಬರೆದು, ಎಳೆ ಕೊರೆಯಲು ಅದರದೇ ಟ್ಯಾಪು, ಪರೀಕ್ಷಿಸಲು ಅದರದೇ ಗೇಜು ತರಿಸುತ್ತೇನೆ. ಅರ್ಧ ಇಂಚಿನ ವಿಟ್‌ವರ್ತ್ (ಹಳೆಯ ಬ್ರಿಟಿಷ್ ಮಾನಕದ) ಟ್ಯಾಪು ಸ್ಟೋರಿನಲ್ಲಿದೆಯೆಂದು ಅದನ್ನು ಬಳಸುವಂತಿಲ್ಲ: ಅದು ಇಂಚಿಗೆ 12 ಎಳೆ, 55 ಡಿಗ್ರಿ ಕೋನ, ಇದು 13 ಎಳೆ, 60 ಡಿಗ್ರಿ. ‘1 ಇಂಚು ಪೈಪ್’ ಎಂಬುದೂ ಹೆಸರಷ್ಟೇ. ಅಮೆರಿಕದ ಮಾನಕದಲ್ಲಿ ಅದರ ಹೊರವ್ಯಾಸ 33.4 ಮಿ.ಮೀ. ಸರ್ಫೇಸ್ ಫಿನಿಶ್ (ಮೇಲ್ಮೈಯ ಒರಟುತನದ ಅಳತೆ) ಮಾತ್ರ ಬದಲಾಗುತ್ತದೆ: 63 ಮೈಕ್ರೋಇಂಚು ಎಂದಿದ್ದಲ್ಲಿ 1.6 ಮೈಕ್ರಾನ್, 125 ಎಂದಿದ್ದಲ್ಲಿ 3.2.

ಭಾಗವನ್ನು ಬೇರೆಬೇರೆ ಬದಿಯಿಂದ ತೋರಿಸುವ ನೋಟಗಳ ಜೋಡಣೆಗೆ ನಾನು ಕೈ ಹಚ್ಚುವುದಿಲ್ಲ. ಅಮೆರಿಕದ ಡ್ರಾಯಿಂಗುಗಳು ಥರ್ಡ್ ಆ್ಯಂಗಲ್ ಪದ್ಧತಿಯವು, ಅಂದರೆ ಎಡಬದಿಯಿಂದ ಕಂಡ ನೋಟವನ್ನು ಎಡಕ್ಕೇ ಬರೆಯುವಂಥವು. ನಮ್ಮ ಐಟಿಐಗಳಲ್ಲಿ ಕಲಿತ ಹುಡುಗರು ಅದನ್ನು ಬಲಕ್ಕೆ ಬರೆಯುವ ಫಸ್ಟ್ ಆ್ಯಂಗಲ್‌ಗೆ ಒಗ್ಗಿದವರು. ಅಳತೆಗಳು ಮಿಲಿಮೀಟರಿನಲ್ಲಿರುವುದನ್ನು ಕಂಡು ಅವರು ಡ್ರಾಯಿಂಗೂ ನಮ್ಮ ಪದ್ಧತಿಯದೇ ಎಂದುಕೊಂಡರೆ ಎಡಬದಿಯ ಪೋರ್ಟು ಬಲಕ್ಕೆ ಬೀಳುತ್ತದೆ. ಆದ್ದರಿಂದ ಪ್ರೊಜೆಕ್ಷನ್ ಚಿಹ್ನೆಯನ್ನು ದೊಡ್ಡದಾಗಿ ಹಾಕಿ, ಕೆಳಗೆ ಕನ್ನಡದಲ್ಲಿಯೂ ಬರೆಯುತ್ತೇನೆ.

ಪರಿವರ್ತಿಸಿದ ಪ್ರತಿಯ ಮೇಲೆ ಮೂಲ ಡ್ರಾಯಿಂಗಿನ ಸಂಖ್ಯೆ, ಅದರ ರಿವಿಜನ್ (ಎಷ್ಟನೆಯ ತಿದ್ದುಪಡಿ ಎಂಬುದು) ಮತ್ತು ‘ಸಂದೇಹ ಬಂದಲ್ಲಿ ಇಂಚಿನ ಅಳತೆಯೇ ಅಂತಿಮ’ ಎಂಬ ಸಾಲು ಕಡ್ಡಾಯ. ಹೊಸ ರಿವಿಜನ್ ಬಂದಾಗ ಹಳೆಯ ಮಿಲಿಮೀಟರ್ ಪ್ರತಿಯನ್ನು ತಿದ್ದುವುದಿಲ್ಲ. ಶಾಪಿನಲ್ಲಿರುವ ಎಲ್ಲ ನಕಲುಗಳನ್ನು ವಾಪಸ್ ತರಿಸಿಕೊಂಡು, ಇಂಚಿನ ಮಿತಿಗಳಿಂದಲೇ ಮತ್ತೆ ಲೆಕ್ಕ ಹಾಕಿ ಹೊಸ ಪ್ರತಿ ಕೊಡುತ್ತೇನೆ.