ವಾಘೋಲಿಯ ನೀಲಿ ಚೆಂಡು ಮತ್ತು ನನ್ನ ತಕ್ಕಡಿ

ಕ್ಯಾವನ್ಸೈಟ್ ಎಂಬ ಅಪರೂಪದ ನೀಲಿ ಖನಿಜವನ್ನು ಗುರುತಿಸಲು ಬಂಗಾರದಂಗಡಿ ತಕ್ಕಡಿ ಹಿಡಿದು ಪುಣೆ ಹತ್ತಿರದ ವಾಘೋಲಿಯ ಕಲ್ಲುಕ್ವಾರಿಗೆ ಹೊರಟಾಗ ಜೊತೆಗಿದ್ದವರೆಲ್ಲ ನಕ್ಕಿದ್ದರು. "ಬಣ್ಣ ನೋಡಿದರೆ ಸಾಕಲ್ಲ ಮಾರಾಯಾ!" ಸಾಕಾಗುವುದಿಲ್ಲ. ಬಣ್ಣ ನಂಬಿ ನಾನು ಕಳೆದುಕೊಂಡದ್ದು ಹತ್ತಿರ ಹತ್ತಿರ ಒಂಬತ್ತು ಸಾವಿರ.

ಮೊದಲ ಪೆಟ್ಟು ನಾಲ್ಕು ಸಾವಿರದ್ದು. ಸ್ಟಿಲ್‌ಬೈಟ್ ಎಂಬ ಬಿಳಿ ಖನಿಜದ ಮೇಲೆ ಬಟಾಣಿ ದಪ್ಪದ ನೀಲಿ ಚೆಂಡು, ನೋಡಿದರೆ ಕಣ್ಣು ಕೀಳಲಾಗದು. ರಾತ್ರಿ ಅಂಟು ಕರಗಿಸುವ ಅಸಿಟೋನಿನಲ್ಲಿಟ್ಟೆ, ಬೆಳಗಾಗುವಷ್ಟರಲ್ಲಿ ಚೆಂಡು ಬಟ್ಟಲ ತಳದಲ್ಲಿತ್ತು. ಅಂಟಿಸಿದ್ದು! ಆಮೇಲೆ ವಾಘೋಲಿಯದೇ ಅಂತ ಕೊಟ್ಟ ಐದು ಸಾವಿರದ ಚೆಂಡು ಅಜುರೈಟ್ ಎಂಬ ಬೇರೆಯೇ ನೀಲಿ ಖನಿಜ ಆಗಿತ್ತು. ಅದಕ್ಕಿಂತ ಹೊಟ್ಟೆ ಉರಿಯುವುದು ಮೂರನೆಯದಕ್ಕೆ. ಆಸಿಡ್ ಹನಿ ಬಿಟ್ಟೆ, ನೊರೆ ಬಂತು, ಇದೂ ಅಜುರೈಟ್ ಅಂತ ಆರುನೂರಕ್ಕೆ ಕೊಟ್ಟುಬಿಟ್ಟೆ. ನೊರೆ ಬಂದದ್ದು ಅಡಿಯಲ್ಲಿದ್ದ ಕ್ಯಾಲ್ಸೈಟಿನಿಂದ. ಕಲ್ಲು ಅಪ್ಪಟ ಕ್ಯಾವನ್ಸೈಟ್.

ಅಂದಿನಿಂದ ಆಸಿಡ್ ಬಾಟಲಿ ಮನೆಯಲ್ಲೇ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಬಿಡಿ ಚೆಂಡನ್ನು ದಾರದಲ್ಲಿ ತಳ ಮುಟ್ಟದಂತೆ ಇಳಿಬಿಡುತ್ತೇನೆ. ಒಣ ತೂಕವನ್ನು ಆಗ ತಕ್ಕಡಿ ತೋರಿಸುವ ಅಂಕಿಯಿಂದ ಭಾಗಿಸಿದರೆ ಕಲ್ಲಿನ ಸಾಂದ್ರತೆ ಸಿಗುತ್ತದೆ: ಕ್ಯಾವನ್ಸೈಟಿಗೆ 2.2–2.3, ಅಜುರೈಟಿಗೆ 3.8ರ ಆಸುಪಾಸು. ಗಾಳಿಗೆ ಅಂಕಿ ಕುಣಿಯುತ್ತದೆ, ಹಾಗಾಗಿ ಕಾರಿನೊಳಗೆ ಗಾಜು ಏರಿಸಿಯೇ ತೂಗಬೇಕು.

ಮೊದಲ ಹತ್ತು ಹದಿನೈದು ಸಲ 1.7, 1.8 ಅಂತಲೇ ಬರುತ್ತಿತ್ತು. ಚೆಂಡಿನ ಹರಳಿನ ಎಸಳುಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಹೊರಗಿನವು ಬಿಡುತ್ತವೆ. ಒಳಗಿನವನ್ನು ಬಿಡಿಸುವ ಕೈಚಳಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಚೆಂಡು ಬಟಾಣಿಗಿಂತ ಚಿಕ್ಕದಾದರೆ ಅಂಕಿಯನ್ನು ನಂಬಬೇಡಿ.

ನಡುವೆ ಒಂದು ಹುಚ್ಚು ಪ್ರಯೋಗ: ಸ್ಟಿಲ್‌ಬೈಟ್ ಚೂರನ್ನು ಎರಡು ದಿನ ನೀಲಿ ಶಾಯಿಯಲ್ಲಿ ನೆನೆಸಿ ತೂಗಿದೆ. ಅದೂ 2.2! ತಕ್ಕಡಿ ಇಲ್ಲಿ ಸೋಲುತ್ತದೆ. ಆದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಬಣ್ಣ ಬಿರುಕುಗಳಲ್ಲಷ್ಟೇ ಕೂತಿದ್ದು ಕಾಣುತ್ತದೆ. ಕ್ಯಾವನ್ಸೈಟಿನಂತೆಯೇ ನೀಲಿಯಾದ ಪೆಂಟಗೊನೈಟ್ ಎಂಬ ಖನಿಜ ಬಂದರೂ ತಕ್ಕಡಿ ಕೆಲಸಕ್ಕಿಲ್ಲ. ರಾಸಾಯನಿಕವಾಗಿ ಎರಡೂ ಒಂದೇ. 1973ರಲ್ಲಿ ಅಮೆರಿಕದ ಒರೆಗಾನಿನ ಕಲ್ಲುಗಳಿಂದ ಎರಡನ್ನೂ ಹೊಸ ಖನಿಜಗಳೆಂದು ಒಟ್ಟಿಗೇ ವರ್ಣಿಸಿದ್ದರು. ಇವೆರಡನ್ನು ಬೇರೆ ಮಾಡಲು ಹರಳಿನ ಆಕಾರವನ್ನೇ ನೋಡಬೇಕು.

ಕಳೆದ ಚಳಿಗಾಲ ಮಾಲೀಕರನ್ನು ಕೇಳಿಕೊಂಡು ಕರಿಕಲ್ಲಿನ ರಾಶಿ ಕೆದಕಿದಾಗ ಒಂದು ಚೆಂಡು ಸಿಕ್ಕಿತು. ಒಣ ತೂಕ 0.92 ಗ್ರಾಂ, ನೀರಿಗೆ ಇಳಿಬಿಟ್ಟಾಗ ತಕ್ಕಡಿಯ ಅಂಕಿ 0.41, ಭಾಗಿಸಿದರೆ 2.24. ಅಲ್ಲೇ ಹೇಳಿದೆ, ಕ್ಯಾವನ್ಸೈಟ್. ಯಾರೂ ಒಪ್ಪಲಿಲ್ಲ. ಅರ್ಧ ಒಡೆದು ಎಕ್ಸ್‌ರೇ ಪರೀಕ್ಷೆಗೆ ಕಳಿಸಿದೆ, ಸುಮಾರು ಒಂದೂವರೆ ಸಾವಿರ ಹೋಯಿತು. ಉತ್ತರ ಬಂತು: ಕ್ಯಾವನ್ಸೈಟ್.

ಉಳಿದ ಅರ್ಧ ಮೇಜಿನ ಮೇಲಿದೆ. ಒಡೆದ ಮುಖದಲ್ಲಿ ನಡುಬಿಂದುವಿನಿಂದ ಅಂಚಿನವರೆಗೂ ನೀಲಿ ಕಡ್ಡಿಗಳು ಬೀಸಣಿಗೆಯಂತೆ ಹರಡಿವೆ.